ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್: ನೋಡೋದು ಹೇಗೆ, ತೋರಿಸೋದು ಯಾರು?

ದೊಡ್ಡ ಆರ್ಟ್ ಮ್ಯೂಸಿಯಂ ಒಂದನ್ನ ಒಂದೇ ದಿನದಲ್ಲಿ ನೋಡಿ ಮುಗಿಸೋಕೆ ಆಗಲ್ಲ. ಇದು ಅಭಿಪ್ರಾಯ ಅಲ್ಲ, ಸುಮ್ನೆ ಒಂದು ಭಾಗಾಕಾರ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಸಂಗ್ರಹದಲ್ಲಿ ಸುಮಾರು 3 ಲಕ್ಷ ಕಲಾಕೃತಿಗಳಿವೆ. ಜನರಿಗೆ ಕಾಣೋ ಹಾಗೆ ಇಟ್ಟಿರೋದು ಅದರಲ್ಲಿ ಒಂದು ಸಣ್ಣ ಭಾಗ ಮಾತ್ರ. ಆ ಸಣ್ಣ ಭಾಗ 3 ಸಾವಿರ ಅಂತಾನೇ ಇಟ್ಕೊಳ್ಳಿ, ಒಂದೊಂದಕ್ಕೆ ಒಂದು ನಿಮಿಷ ಕೊಟ್ರೂ 50 ಗಂಟೆ ಬೇಕು. ಇದರಲ್ಲಿ ಊಟ, ನೀರು, ಕಾಲುನೋವು ಯಾವುದೂ ಸೇರಿಲ್ಲ.

ಹಾಗಾಗಿ ಒಳಗೆ ಕಾಲಿಡೋ ಮುಂಚೆ, ಏನನ್ನ ನೋಡೋದಿಲ್ಲ ಅಂತ ತೀರ್ಮಾನ ಮಾಡ್ಕೊಳ್ಳಬೇಕು. ಎರಡನೇ ಸೆಮ್ ಮುಗಿದ ಮೇಲಿನ ರಜೆಯಲ್ಲಿ ನಾನು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿರೋ ಸೋದರತ್ತೆ ಮನೆಗೆ ಹೋಗಿದ್ದೆ. ಈ ಮ್ಯೂಸಿಯಂಗೆ ಎರಡು ಸಲ ಹೋದೆ. ಮೊದಲ ಸಲ ಇಡೀ ದಿನ ಸುತ್ತಾಟ. ಎರಡನೇ ಸಲ ಬರೀ ಮೂರು ಗಂಟೆ, ಆರೇ ಆರು ಚಿತ್ರ. ಈ ಲೇಖನದಲ್ಲಿ ಬರೋದೆಲ್ಲ ಹೆಚ್ಚುಕಮ್ಮಿ ಆ ಎರಡನೇ ಸಲ ನೋಡಿದ್ದು, ಆಮೇಲೆ ಹಾಸ್ಟೆಲ್‌ಗೆ ಬಂದು ಓದಿದ್ದು. ಪ್ರವಾಸ ಕಥನ ಓದೋ ಆಸೆ ಇದ್ದವರು ಹಿಂದಿನ ಸಂಚಿಕೆಯ ಹಂಪಿ ಲೇಖನ ನೋಡಿ. ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಇದೆ, ಸ್ವಲ್ಪ ಜಗಳ ಇದೆ.

ಸಂಸ್ಥೆ ಶುರುವಾಗಿದ್ದು 1879ರಲ್ಲಿ. ಬಾಗಿಲ ಎರಡೂ ಪಕ್ಕ ಕಂಚಿನ ಸಿಂಹ ಇರೋ ಈಗಿನ ಹಳೇ ಕಟ್ಟಡ 1893ರದ್ದು. ಆ ವರ್ಷ ಶಿಕಾಗೋದಲ್ಲಿ ವಿಶ್ವ ಮೇಳ ನಡೀತು, ಅದರ ಜೊತೆಗೇ ಸರ್ವಧರ್ಮ ಸಮ್ಮೇಳನ. ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ್ದು ಇದೇ ಕಟ್ಟಡದಲ್ಲಿ. ಹಿಂದಿನ ವರ್ಷವಷ್ಟೇ ಅವರು ಮೈಸೂರಲ್ಲಿ ಚಾಮರಾಜೇಂದ್ರ ಒಡೆಯರ್ ಅವರ ಅತಿಥಿಯಾಗಿದ್ದರು. 2010ರಲ್ಲಿ ಮುಂಬೈ ಕಲಾವಿದ ಜಿತೀಶ್ ಕಲ್ಲಾಟ್ ಆ ಭಾಷಣದ ಮಾತುಗಳನ್ನ ಮ್ಯೂಸಿಯಂನ ದೊಡ್ಡ ಮೆಟ್ಟಿಲುಗಳ ಮೇಲೆ ಎಲ್‌ಇಡಿ ಅಕ್ಷರಗಳಲ್ಲಿ ಬರೆದರು. ಬಣ್ಣಗಳು ಐದು: ಅಮೆರಿಕ ಸರ್ಕಾರ ಭಯೋತ್ಪಾದನೆಯ ಎಚ್ಚರಿಕೆ ಕೊಡೋಕೆ ಬಳಸ್ತಿದ್ದ ಕೆಂಪು, ಕಿತ್ತಳೆ, ಹಳದಿ, ನೀಲಿ, ಹಸಿರು. ಸೆಪ್ಟೆಂಬರ್ 11 ಅನ್ನೋ ಒಂದೇ ತಾರೀಖಿನ ಎರಡು ಅರ್ಥಗಳನ್ನ ಒಂದೇ ಮೆಟ್ಟಿಲ ಮೇಲೆ ತಂದ ಕೆಲಸ ಅದು. 

ಈಗ ಲೇಬಲ್ ವಿಷಯಕ್ಕೆ ಬರೋಣ. ನಾವು ಲ್ಯಾಬ್‌ನಲ್ಲಿ ಐಸಿ ಮುಟ್ಟೋ ಮುಂಚೆ ಡೇಟಾಶೀಟ್ ನೋಡ್ತೀವಲ್ಲ (ನೋಡ್ಬೇಕು ಅಂತ ಲ್ಯಾಬ್ ಸರ್ ಹೇಳ್ತಾರಲ್ಲ), ಚಿತ್ರದ ಪಕ್ಕದ ಲೇಬಲ್ ಕೂಡ ಹಾಗೇನೇ. ಜನ ಕಲಾವಿದರ ಹೆಸರು ಓದಿ ಮುಂದೆ ಹೋಗ್ತಾರೆ. ಓದಬೇಕಾದ್ದು ಕೊನೇ ಸಾಲು. ಅಲ್ಲಿ ಒಂದು ನಂಬರ್ ಇರುತ್ತೆ. ಉದಾಹರಣೆಗೆ ಜಾರ್ಜ್ ಸೊರಾ ಬರೆದ 'ಲಾ ಗ್ರಾಂಡ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ' ಚಿತ್ರದ್ದು 1926.224. ಚುಕ್ಕಿಯ ಹಿಂದಿರೋದು ಅದು ಮ್ಯೂಸಿಯಂ ಸೇರಿದ ವರ್ಷ, ಮುಂದಿರೋದು ಆ ವರ್ಷದ ಕ್ರಮಸಂಖ್ಯೆ. ಅಷ್ಟೇ. ಆದ್ರೆ ಈ ನಂಬರನ್ನ ಚಿತ್ರ ಬರೆದ ವರ್ಷದ ಜೊತೆ ಇಟ್ಟು ನೋಡಿ, ಒಂದು ಕಥೆ ಹೊರಗೆ ಬರುತ್ತೆ. ಗ್ರಾಂಟ್ ವುಡ್‌ನ 'ಅಮೆರಿಕನ್ ಗಾಥಿಕ್' ಬರೆದದ್ದು 1930, ನಂಬರ್ 1930.934. ಬಣ್ಣ ಸರಿಯಾಗಿ ಒಣಗೋ ಮುಂಚೆನೇ ಮ್ಯೂಸಿಯಂಗೆ ಬಂದಿದೆ ಅನ್ನಬಹುದು. ಎಡ್ವರ್ಡ್ ಹಾಪರ್‌ನ 'ನೈಟ್‌ಹಾಕ್ಸ್' 1942ರದ್ದು, ನಂಬರ್ 1942.51. ಇವೆರಡರಲ್ಲಿ ಮ್ಯೂಸಿಯಂ ತನ್ನ ಕಾಲದ ಚಿತ್ರವನ್ನ ತಾನೇ ಗುರುತಿಸಿ ಕೊಂಡುಕೊಂಡಿದೆ. ಸೊರಾ ವಿಷಯದಲ್ಲಿ ಹಾಗಲ್ಲ. ಅವನು ಚಿತ್ರ ಮುಗಿಸಿದ್ದು 1886ರಲ್ಲಿ, ಸತ್ತಿದ್ದು 1891ರಲ್ಲಿ, 31ನೇ ವಯಸ್ಸಿಗೆ. ಫ್ರಾನ್ಸ್‌ನ ಯಾವ ಮ್ಯೂಸಿಯಂಗೂ ಅದು ಹೋಗಲಿಲ್ಲ. ಶಿಕಾಗೋದ ಬಾರ್ಟ್‌ಲೆಟ್ ದಂಪತಿ 1924ರಲ್ಲಿ ಕೊಂಡರು, ಹೆಂಡತಿ ತೀರಿಕೊಂಡ ಮೇಲೆ ಅವರ ನೆನಪಿಗೆ ಗಂಡ ಮ್ಯೂಸಿಯಂಗೆ ಕೊಟ್ಟರು. ಇಷ್ಟೂ ಆ ಕೊನೇ ಸಾಲಿಂದ ಶುರುವಾಗೋ ಕಥೆ.

ಕೊನೇ ಸಾಲು ಹೇಳದೇ ಇರೋದೂ ಇದೆ. 'ಇಂಥವರ ಕೊಡುಗೆ' ಅಂತ ಬರೆದಿರುತ್ತೆ, ಅವರ ಕೈಗೆ ಅದು ಹೇಗೆ ಬಂತು ಅನ್ನೋದು ಇರಲ್ಲ. ನಾಗರಾಜ ಮುಚಲಿಂದನ ಹೆಡೆಯ ಕೆಳಗೆ ಕೂತ ಬುದ್ಧನ 12ನೇ ಶತಮಾನದ ಶಿಲ್ಪ ಒಂದು ಇಲ್ಲಿತ್ತು, 2025ರಲ್ಲಿ ಅದನ್ನ ನೇಪಾಳಕ್ಕೆ ವಾಪಸ್ ಕೊಟ್ಟರು. ರಾಜ ಪ್ರತಾಪ ಮಲ್ಲ 17ನೇ ಶತಮಾನದಲ್ಲಿ ತಲೇಜು ದೇವಿಗೆ ಅರ್ಪಿಸಿದ ಕಂಠಹಾರ ಇಲ್ಲಿಗೆ ಬಂದ ಬಗ್ಗೆಯೂ ನೇಪಾಳದವರು ಪ್ರಶ್ನೆ ಎತ್ತಿದರು. ದೇವರ ಒಡವೆ ಗಾಜಿನ ಪೆಟ್ಟಿಗೆಯಲ್ಲಿ ಯಾಕಿದೆ ಅನ್ನೋ ಪ್ರಶ್ನೆ ನಮ್ಮ ಊರುಗಳ ಯಾವ ಅಜ್ಜಿಗಾದ್ರೂ ಮೊದಲ ನೋಟಕ್ಕೇ ಹೊಳೆಯುತ್ತೆ.

ಮತ್ತೆ ಸೊರಾ ಹತ್ರ ಹೋಗೋಣ, ಯಾಕಂದ್ರೆ ಇಂಜಿನಿಯರಿಂಗ್ ಹುಡುಗರಿಗೆ ಇದಕ್ಕಿಂತ ಒಳ್ಳೇ ಚಿತ್ರ ಸಿಗಲ್ಲ. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಪ್ಯಾರಿಸ್ ಪಕ್ಕದ ನದಿ ದ್ವೀಪದಲ್ಲಿ ಭಾನುವಾರ ಮಧ್ಯಾಹ್ನ ಜನ ಆರಾಮಾಗಿ ಕೂತಿದ್ದಾರೆ, ನಿಂತಿದ್ದಾರೆ. ಒಬ್ಬರೂ ಅಲ್ಲಾಡ್ತಿಲ್ಲ. ಇದನ್ನ ಮೂರು ದೂರದಿಂದ ನೋಡಿ. ಮೊದಲು ಹತ್ತಿರ, ಸೆಕ್ಯುರಿಟಿಯವರು ಹಿಂದೆ ಸರೀರಿ ಅನ್ನದಷ್ಟು ಹತ್ತಿರ. ಬರೀ ಚುಕ್ಕಿಗಳು, ಸಣ್ಣ ಸಣ್ಣ ಗೀಟುಗಳು. ಆಮೇಲೆ ಮೂರ್ನಾಲ್ಕು ಮೀಟರ್. ಹುಲ್ಲು ಹುಲ್ಲಾಗುತ್ತೆ, ನೆರಳು ನೆರಳಾಗುತ್ತೆ. ಆಮೇಲೆ ಕೋಣೆಯ ಆ ತುದಿ.

'ಇದು ಪಿಕ್ಸೆಲ್ ಇದ್ದ ಹಾಗೆ' ಅಂತ ಎಲ್ಲರೂ ಹೇಳ್ತಾರೆ. ಅರ್ಧ ಮಾತ್ರ ಸರಿ. ಪಿಕ್ಸೆಲ್ ತಾನೇ ಬೆಳಕು ಕೊಡುತ್ತೆ, ಎಲ್ಲವೂ ಒಂದೇ ಅಳತೆ, ಸಾಲಾಗಿ ಕೂತಿರುತ್ತೆ. ಸೊರಾನ ಚುಕ್ಕಿಗಳಿಗೆ ಒಂದೇ ಅಳತೆ ಇಲ್ಲ, ಗ್ರಿಡ್ ಇಲ್ಲ, ಅವು ಮೇಲೆ ಬಿದ್ದ ಬೆಳಕನ್ನ ವಾಪಸ್ ಕಳಿಸುತ್ತವೆ ಅಷ್ಟೇ. ಹಾಗಾಗಿ ಪಕ್ಕಪಕ್ಕದ ಎರಡು ಚುಕ್ಕಿಗಳು ಕಣ್ಣಲ್ಲಿ ಸೇರಿದಾಗ ಸಿಗೋದು ಎರಡರ ಮೊತ್ತ ಅಲ್ಲ, ಸರಾಸರಿ. ಅವನಿಗೆ ಮುಖ್ಯವಾಗಿದ್ದು ಬೇರೆ: ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನ ಹೇಗೆ ಬದಲಾಯಿಸುತ್ತೆ ಅನ್ನೋದು. ಇದನ್ನ 1839ರಲ್ಲೇ ಪುಸ್ತಕವಾಗಿ ಬರೆದವನು ಶೆವ್ರಲ್ ಅನ್ನೋ ರಸಾಯನ ವಿಜ್ಞಾನಿ. ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ ಮನುಷ್ಯ.

ಚುಕ್ಕಿಗಳ ಜೊತೆ ಸೊರಾ ಆಗಿನ ಕಾಲದ ಹೊಸ ಬಣ್ಣ ಒಂದನ್ನ ಬಳಸಿದ: ಝಿಂಕ್ ಯೆಲ್ಲೋ. ಕೆಮಿಸ್ಟ್ರಿ ಭಾಷೆಯಲ್ಲಿ ಝಿಂಕ್ ಪೊಟ್ಯಾಸಿಯಂ ಕ್ರೋಮೇಟ್. ಬಿಸಿಲು ಬಿದ್ದ ಹುಲ್ಲಿನ ಮೇಲೆ ಹೊಳೆಯೋ ಹಳದಿ ಬೇಕಾಗಿತ್ತು ಅವನಿಗೆ. ಕೆಲವೇ ವರ್ಷಗಳಲ್ಲಿ ಅದು ಕಂದಾಗೋಕೆ ಶುರುವಾಯ್ತು. ತೇವ, ಗಾಳಿಯಲ್ಲಿರೋ ಸಲ್ಫರ್ ಡೈಆಕ್ಸೈಡ್, ಬೆಳಕು ಇವೆಲ್ಲ ಸೇರಿ ಕ್ರೋಮೇಟನ್ನ ಒಂದಷ್ಟು ಕಿತ್ತಳೆ ಬಣ್ಣದ ಡೈಕ್ರೋಮೇಟ್ ಮಾಡ್ತವೆ, ಒಂದಷ್ಟನ್ನ ಅಪಕರ್ಷಿಸಿ ಹಸಿರು ಛಾಯೆಯ ಕ್ರೋಮಿಯಂ ಮೂರು ಮಾಡ್ತವೆ. ಎರಡೂ ಬೆರೆತರೆ ಕಾಣೋದು ಮಂಕು ಕಂದು. ಕೆಮಿಸ್ಟ್ರಿ ಸೈಕಲ್‌ನಲ್ಲಿ ಡೈಕ್ರೋಮೇಟ್ ಟೈಟ್ರೇಷನ್ ಮಾಡಿದ ಎಲ್ಲರಿಗೂ ಈ ಬಣ್ಣಗಳು ಗೊತ್ತು. ನಾವು ಕೋನಿಕಲ್ ಫ್ಲಾಸ್ಕ್‌ನಲ್ಲಿ ನೋಡಿದ್ದಕ್ಕೆ ಹತ್ತಿರದ ಆಟವೇ ಆ ಹುಲ್ಲಿನ ಮೇಲೆ ನೂರು ವರ್ಷದಿಂದ ನಡೀತಿದೆ. ಈಗ ಆ ಚಿತ್ರದಲ್ಲಿ ಕಾಣೋ ಕಂದು ಚುಕ್ಕಿಗಳು ಸೊರಾ ಇಟ್ಟ ಕಂದು ಅಲ್ಲ. ಮ್ಯೂಸಿಯಂನಲ್ಲಿ ಸ್ವಂತ ವಿಜ್ಞಾನ ವಿಭಾಗ ಇದೆ, ಅಲ್ಲಿಯವರು ಇದನ್ನ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಂತ ಯಾರೂ ಹೊಸ ಹಳದಿ ಬಳಿಯಲ್ಲ. ಮೂಲ ಬಣ್ಣ ಹೇಗಿತ್ತು ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಚಿತ್ರ ಮಾಡಿದ್ದಾರೆ, ಅಸಲಿಯನ್ನ ಹಾಗೇ ಬಿಟ್ಟಿದ್ದಾರೆ.

ಈ ಚಿತ್ರ ಬೇರೆಲ್ಲೂ ನೋಡೋಕೆ ಸಿಗಲ್ಲ ಅನ್ನೋದಕ್ಕೂ ಕಾರಣ ಇದೆ. 1958ರಲ್ಲಿ ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂಗೆ ಸಾಲ ಕೊಟ್ಟಿದ್ದರು. ಏಪ್ರಿಲ್ 15ರಂದು ಆ ಕಟ್ಟಡದಲ್ಲಿ ಬೆಂಕಿ ಬಿತ್ತು. ಸೊರಾ ಚಿತ್ರ ಉಳಿದುಕೊಂಡಿತು, ಆದ್ರೆ ಅಲ್ಲಿಂದ ಈಚೆ ಶಿಕಾಗೋ ಬಿಟ್ಟು ಎಲ್ಲೂ ಹೋಗಿಲ್ಲ.

ಇನ್ನೊಂದು ಚಿತ್ರ, ಇದರಲ್ಲಿ ನಮ್ಮವರ ಹೆಸರೇ ಇದೆ. ರೆನ್ವಾ 1883ರಲ್ಲಿ ಬರೆದ 'ಮದಾಮ್ ಲಿಯಾನ್ ಕ್ಲಾಪಿಸಾನ್'. ಹೆಂಗಸೊಬ್ಬರ ಚಿತ್ರ, ಹಿಂದೆ ತಣ್ಣನೆಯ ನೀಲಿ ಬೂದು. ಮ್ಯೂಸಿಯಂನವರು ಫ್ರೇಮ್ ಬಿಚ್ಚಿದಾಗ, ಫ್ರೇಮ್ ಕೆಳಗೆ ಬೆಳಕು ಬೀಳದ ಅಂಚಿನಲ್ಲಿ ಜೋರಾದ ಕೆಂಪು ಕಾಣಿಸ್ತು. ಅಂದ್ರೆ ಹಿಂದಿನ ಬಣ್ಣ ಒಂದು ಕಾಲದಲ್ಲಿ ಕೆಂಪಾಗಿತ್ತು, ಬೆಳಕಿಗೆ ಮಾಸಿಹೋಗಿದೆ. ಯಾವ ಕೆಂಪು? ಚಿತ್ರದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾತ್ರ ತೆಗೆಯಬಹುದು. ರಾಮನ್ ಸ್ಪೆಕ್ಟ್ರೋಸ್ಕೋಪಿ ಮಾಡೋಣ ಅಂದ್ರೆ ಇಂಥ ಕೆಂಪು ಬಣ್ಣಗಳು ಲೇಸರ್ ಬಿದ್ದಾಗ ತಾವೇ ಹೊಳೀತವೆ, ಆ ಹೊಳಪಲ್ಲಿ ರಾಮನ್ ಸಿಗ್ನಲ್ ಮುಳುಗಿಹೋಗುತ್ತೆ. ಪಕ್ಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ರಿಚರ್ಡ್ ವ್ಯಾನ್ ಡೈನ್ ಇದಕ್ಕೆ ದಾರಿ ಕಂಡುಹಿಡಿದವರಲ್ಲಿ ಒಬ್ಬರು: ಬೆಳ್ಳಿಯ ನ್ಯಾನೋ ಕಣಗಳ ಮೇಲೆ ಬಣ್ಣದ ಅಣುಗಳನ್ನ ಕೂರಿಸಿದ್ರೆ ಸಿಗ್ನಲ್ ಎಷ್ಟೋ ಪಟ್ಟು ದೊಡ್ಡದಾಗುತ್ತೆ, ಹೊಳಪು ಅಡಗುತ್ತೆ. ಉತ್ತರ ಬಂತು: ಕಾರ್ಮೈನ್ ಲೇಕ್, ಕೊಚಿನೀಲ್ ಅನ್ನೋ ಹುಳದಿಂದ ತೆಗೆಯೋ ಬಣ್ಣ. 2014ರಲ್ಲಿ ಇದನ್ನೇ ಇಟ್ಟುಕೊಂಡು ಮ್ಯೂಸಿಯಂ ಒಂದು ಪ್ರದರ್ಶನ ಮಾಡ್ತು.

ಸಿ. ವಿ. ರಾಮನ್ ತಮ್ಮ ಪರಿಣಾಮವನ್ನ ಕಂಡಿದ್ದು 1928ರಲ್ಲಿ, ಕಲ್ಕತ್ತಾದಲ್ಲಿ. 1933ರಲ್ಲಿ ಬೆಂಗಳೂರಿಗೆ ಬಂದರು, ಕೊನೆವರೆಗೂ ಇಲ್ಲೇ ಇದ್ದರು. ಮೇಖ್ರಿ ಸರ್ಕಲ್ ಕಡೆ ಹೋಗುವಾಗ ಬಸ್ಸಿಂದ ಕಾಣೋ ಆ ಸಂಸ್ಥೆ ಅವರು ಕಟ್ಟಿದ್ದೇ. ನಾವು ವೈವಾಗೆ ಅಂತ ಬಾಯಿಪಾಠ ಮಾಡಿದ ಹೆಸರು, ಶಿಕಾಗೋದ ಗೋಡೆ ಮೇಲಿರೋ ಹೆಂಗಸಿನ ಹಿಂದಿನ ಬಣ್ಣ ಹೇಳುತ್ತೆ ಅಂದ್ರೆ ನನಗಂತೂ ಖುಷಿಯಾಯ್ತು.

ಇಷ್ಟು ಗೊತ್ತಾದ ಮೇಲೆ ಮ್ಯೂಸಿಯಂ ಯಾಕೆ ಕತ್ತಲು ಕತ್ತಲಾಗಿರುತ್ತೆ ಅಂತ ಬೇಸರ ಆಗಲ್ಲ. ಕಾಗದದ ಮೇಲಿನ ಕೆಲಸಗಳಿಗೆ ಸಾಮಾನ್ಯವಾಗಿ 50 ಲಕ್ಸ್ ಆಸುಪಾಸಿನ ಬೆಳಕು ಮಾತ್ರ ಕೊಡ್ತಾರೆ. ಹಾನಿ ಅನ್ನೋದು ಲಕ್ಸ್ ಇಂಟು ಗಂಟೆ, ಒಂದು ಸಲ ಖರ್ಚಾದ್ರೆ ವಾಪಸ್ ಬರಲ್ಲ. ಅದಕ್ಕೇ ಜಪಾನಿನ ಮುದ್ರಿತ ಚಿತ್ರಗಳನ್ನ ಕೆಲವು ತಿಂಗಳಿಗೊಮ್ಮೆ ಬದಲಾಯಿಸ್ತಾರೆ. ಆ ಭಾಗದಲ್ಲಿ ವಾಸ್ತುಶಿಲ್ಪಿ ತಡಾವೋ ಆಂಡೋ ಮಾಡಿದ ಒಂದು ಕೋಣೆ ಇದೆ, 16 ಮರದ ಕಂಬಗಳು, ಅರೆಗತ್ತಲೆ. ಕಣ್ಣು ಹೊಂದಿಕೊಳ್ಳೋವರೆಗೆ ಆ ಕಂಬಗಳ ಮಧ್ಯೆ ನಿಂತಿರಬೇಕು. ಸಿವಿಲ್‌ನವರು ಇದನ್ನ ತಪ್ಪಿಸ್ಕೋಬೇಡಿ. ಇದಕ್ಕೆ ಪೂರ್ತಿ ಉಲ್ಟಾ 2009ರಲ್ಲಿ ರೆಂಜೋ ಪಿಯಾನೋ ಕಟ್ಟಿದ ಮಾಡರ್ನ್ ವಿಂಗ್: ಮೇಲೆ ಅಲ್ಯೂಮಿನಿಯಂ ಪಟ್ಟಿಗಳ ದೊಡ್ಡ ಚಪ್ಪರ, ಉತ್ತರದ ಬೆಳಕನ್ನ ಮಾತ್ರ ಸೋಸಿ ಒಳಗೆ ಬಿಡುತ್ತೆ.

ಈಗ ಜಗಳದ ಭಾಗ. ಇದನ್ನೆಲ್ಲ ಬಂದವರಿಗೆ ಯಾರು ಹೇಳಿಕೊಡಬೇಕು?

ಅಮೆರಿಕದ ಮ್ಯೂಸಿಯಂಗಳಲ್ಲಿ ಡೋಸೆಂಟ್ ಅಂತ ಇರ್ತಾರೆ, ಸಂಬಳ ಇಲ್ಲದೆ ಗ್ಯಾಲರಿ ತೋರಿಸೋ ಸ್ವಯಂಸೇವಕರು. ಶಿಕಾಗೋದಲ್ಲಿ ಈ ವ್ಯವಸ್ಥೆ 1961ರಲ್ಲಿ ಶುರುವಾಯ್ತು. ಮುಖ್ಯವಾಗಿ ಶಾಲಾ ಮಕ್ಕಳಿಗೆ ತೋರಿಸೋಕೆ. ಸುಮ್ನೆ ಬ್ಯಾಡ್ಜ್ ಹಾಕ್ಕೊಂಡು ನಿಲ್ಲೋದಲ್ಲ ಇದು. ಡೋಸೆಂಟ್‌ಗಳ ಸಂಘವೇ ಬರೆದ ಪತ್ರದ ಪ್ರಕಾರ ಹದಿನೆಂಟು ತಿಂಗಳು ವಾರಕ್ಕೆ ಎರಡು ಸಲ ತರಬೇತಿ, ಆಮೇಲೆ ಐದು ವರ್ಷ ಓದು, ಬರವಣಿಗೆ. ನಮ್ಮ ಬಿಇ ನಾಲ್ಕು ವರ್ಷ. 2021ರ ಸೆಪ್ಟೆಂಬರ್‌ನಲ್ಲಿ ಮ್ಯೂಸಿಯಂ ಒಂದು ಇಮೇಲ್ ಕಳಿಸಿ ಈ ವ್ಯವಸ್ಥೆಯನ್ನೇ ನಿಲ್ಲಿಸ್ತು. ಆಗ ಸಕ್ರಿಯವಾಗಿದ್ದವರು 82 ಜನ. ಅವರ ಜಾಗಕ್ಕೆ ಸಂಬಳ ಕೊಟ್ಟು ಶಿಕ್ಷಕರನ್ನ ತಗೋತೀವಿ ಅಂದರು. ಕಾರಣ ಏನಂದ್ರೆ, ವಾರದ ಹಗಲಲ್ಲಿ ವರ್ಷಗಟ್ಟಲೆ ಪುಕ್ಕಟೆ ಕೆಲಸ ಮಾಡೋಕೆ ಆಗೋದು ದುಡ್ಡಿನ ಅನುಕೂಲ ಇರೋರಿಗೆ ಮಾತ್ರ. ಡೋಸೆಂಟ್‌ಗಳಲ್ಲಿ ಹೆಚ್ಚಿನವರು ವಯಸ್ಸಾದ ಬಿಳಿ ಹೆಂಗಸರು. ಬರೋ ಮಕ್ಕಳು ಎಲ್ಲ ಜನಾಂಗದವರು. ದೊಡ್ಡ ಗಲಾಟೆ ಆಯ್ತು. ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ಸಂಪಾದಕೀಯದಲ್ಲೇ ಮ್ಯೂಸಿಯಂನ ಬೈದು ಬರೀತು, ಮ್ಯೂಸಿಯಂ ಕಡೆಯಿಂದಲೂ ಉತ್ತರ ಬಂತು.

ನಾನು ಇದನ್ನ ಅತ್ತೆ ಹತ್ರ ಮಾತಾಡಿದೆ. ಅವರು ಅಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸ್ತಾರೆ, ಅದೂ ಸಂಬಳ ಇಲ್ಲದ್ದೇ.

"ಅತ್ತೆ, ನಾಳೆ ನಿಮ್ಮನ್ನ ಹೀಗೆ ಬೇಡ ಅಂದ್ರೆ ಏನ್ಮಾಡ್ತೀರಾ?"

"ಬೇಜಾರಾಗುತ್ತೆ ಕಣೋ, ಇನ್ನೇನು. ಹನ್ನೊಂದು ವರ್ಷ ಆಯ್ತು. ಯಾವ ಮಗು ಎಲ್ಲಿ ಎಡವುತ್ತೆ ಅಂತ ಬಾಯಿ ತೆಗೆದ ತಕ್ಷಣ ಗೊತ್ತಾಗುತ್ತೆ ನಂಗೆ."

"ಮತ್ತೆ ಮ್ಯೂಸಿಯಂ ಮಾಡಿದ್ದು ತಪ್ಪು ಅಂತೀರಾ?"

"ಹಂಗಲ್ಲ. ನಿಮ್ ಮಾವಂಗೆ ಒಳ್ಳೇ ಕೆಲಸ ಇದೆ, ಅದಕ್ಕೇ ನಂಗೆ ಭಾನುವಾರ ಬಿಡುವು. ಎರಡೆರಡು ಕಡೆ ದುಡಿಯೋರು ನನಗಿಂತ ಚೆನ್ನಾಗಿ ಕಲಿಸ್ತಿದ್ರೇನೋ, ಅವರು ಬರೋಕೇ ಆಗಲ್ವಲ್ಲ. ಅದನ್ನೂ ನೋಡ್ಬೇಕು."

ಎರಡೂ ಕಡೆ ಒಂದೇ ಬಾಯಲ್ಲಿ ಬಂದ್ರೆ ವಾದ ಮಾಡೋದು ಕಷ್ಟ. ನನ್ನ ಲೆಕ್ಕ ಹೀಗಿದೆ: ಮ್ಯೂಸಿಯಂ ಕೇಳಿದ ಪ್ರಶ್ನೆ ಸರಿ, ಮಾಡಿದ ರೀತಿ ಸರಿಯಿಲ್ಲ. ಪುಕ್ಕಟೆ ಕೆಲಸ ಅನ್ನೋದು ಒಂದು ಫಿಲ್ಟರ್, ಯಾರ ಹತ್ರ ಸಮಯ ಇದೆಯೋ ಅವರನ್ನ ಮಾತ್ರ ಒಳಗೆ ಬಿಡುತ್ತೆ. ಆದ್ರೆ 82 ಜನರ ತಲೆಯಲ್ಲಿರೋದು ಯಾವ ಡಾಕ್ಯುಮೆಂಟ್‌ನಲ್ಲೂ ಇರಲ್ಲ. ಮೂರನೇ ತರಗತಿ ಮಗು ಸೊರಾ ಮುಂದೆ ನಿಂತು ಏನು ಕೇಳುತ್ತೆ, ಅದಕ್ಕೆ ಏನು ಹೇಳಿದ್ರೆ ಮಗು ಇನ್ನೊಂದು ನಿಮಿಷ ನಿಲ್ಲುತ್ತೆ, ಇದೆಲ್ಲ ನಿಂತು ನಿಂತು ಕಲಿತದ್ದು. ನಮ್ಮ ಕಾಲೇಜಿನ ಯಾವ ಟೀಮಲ್ಲಾದ್ರೂ ಫೈನಲ್ ಇಯರ್‌ನವರನ್ನ ಒಂದೇ ದಿನ ಕಳಿಸಿ, ಮಾರನೇ ದಿನ ಜೂನಿಯರ್ಸ್ ಗಾಡಿ ಓಡಿಸಿ ಅಂದ್ರೆ ಓಡುತ್ತಾ? ಒಂದೆರಡು ವರ್ಷ ಹಳಬರು, ಹೊಸಬರು ಜೊತೆಗೇ ಇರ್ಬೇಕಿತ್ತು, ಹೊಸಬರಿಗೆ ಸಂಬಳದ ಜೊತೆ.

ನಮ್ಮಲ್ಲಿ ವಾಲಂಟಿಯರಿಂಗ್ ಅಂದ ತಕ್ಷಣ ನೆನಪಾಗೋದು 100 ಆಕ್ಟಿವಿಟಿ ಪಾಯಿಂಟ್. ಅದಕ್ಕೆ ಸರ್ಟಿಫಿಕೇಟ್, ಜಿಯೋಟ್ಯಾಗ್ ಫೋಟೋ, ರಿಪೋರ್ಟ್. ಗಿಡ ನೆಟ್ಟ ಫೋಟೋ ಎಲ್ಲರ ಹತ್ರ ಇದೆ, ಗಿಡ ಎಲ್ಲಿದೆ ಅಂತ ಕೇಳ್ಬೇಡಿ. ಆ 82 ಜನಕ್ಕೆ ಪಾಯಿಂಟ್ ಇರ್ಲಿಲ್ಲ. ಪಾಯಿಂಟ್ ಕೆಟ್ಟದು ಅಂತಲ್ಲ, ಅಮೆರಿಕದವರ ಸಂಬಳದ ಪ್ರಶ್ನೆಗೆ ನಮ್ಮ ಉತ್ತರ ಅದೇ ಅಂತ ಅಂದ್ಕೋಬಹುದು. ಆದ್ರೆ ಪಾಯಿಂಟ್‌ಗೆ ಅಂತ ಹೋಗೋದಾದ್ರೂ ಒಂದೇ ಜಾಗಕ್ಕೆ ಹತ್ತು ಸಲ ಹೋಗಿ, ಹತ್ತು ಜಾಗಕ್ಕೆ ಒಂದೊಂದು ಸಲ ಬೇಡ. ಮ್ಯೂಸಿಯಂ ಕೆಲಸದಲ್ಲಿ ಮೊದಲ ದಿನ ನಿಮ್ಮಿಂದ ಯಾರಿಗೂ ಉಪಯೋಗ ಇಲ್ಲ.

ಶಿಕಾಗೋಗೆ ಹೋಗದೆ, ಹಾಸ್ಟೆಲ್ ರೂಮಿಂದಲೇ ಮಾಡಬಹುದಾದ ಕೆಲಸವೂ ಇದೆ. 2018ರಲ್ಲಿ ಈ ಮ್ಯೂಸಿಯಂ ತನ್ನ 44,000ಕ್ಕೂ ಹೆಚ್ಚು ಚಿತ್ರಗಳನ್ನ ಸಿಸಿ ಝೀರೋ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿತು, ಅಂದ್ರೆ ಯಾರು ಬೇಕಾದ್ರೂ, ಯಾವುದಕ್ಕೆ ಬೇಕಾದ್ರೂ ಬಳಸಬಹುದು. ಅವರ ಎಪಿಐ ಕೂಡ ಓಪನ್, ಕೀ ಕೇಳಲ್ಲ. ಜೇಸನ್ ಬರುತ್ತೆ, ಅದರಲ್ಲಿ ಆ ಕೊನೇ ಸಾಲಿನ ನಂಬರ್ ಕೂಡ ಇರುತ್ತೆ. ಮಿನಿ ಪ್ರಾಜೆಕ್ಟ್‌ಗೆ ಡೇಟಾ ಹುಡುಕ್ತಿರೋರು ನೋಡಿ: ಚಿತ್ರ ಬರೆದ ವರ್ಷಕ್ಕೂ ಮ್ಯೂಸಿಯಂ ಸೇರಿದ ವರ್ಷಕ್ಕೂ ಇರೋ ಅಂತರವನ್ನ ದೇಶವಾರು ಪ್ಲಾಟ್ ಮಾಡಿದ್ರೆ ಏನು ಬರುತ್ತೆ?

ಇನ್ನೊಂದು, ಇದು ನಮ್ಮ ಸಂಘದ ಕೆಲಸ. ಇದರಲ್ಲಿ ಎಷ್ಟೋ ಚಿತ್ರಗಳು ವಿಕಿಮೀಡಿಯ ಕಾಮನ್ಸ್‌ನಲ್ಲಿವೆ. ಅಲ್ಲಿ ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಒಂದು ಸಾಲಿನ ವಿವರಣೆ ಸೇರಿಸೋ ಜಾಗ ಇದೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಓದೋಕೆ, ಕನ್ನಡದಲ್ಲಿ ಹುಡುಕೋರಿಗೆ ಸಿಗೋಕೆ ಆ ಒಂದು ಸಾಲು ಸಾಕು. ಸುಲಭ ಅನ್ಸುತ್ತೆ, ಕೂತು ಬರೆದು ನೋಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಸೊರಾ ಚಿತ್ರಕ್ಕೆ ಒಂದು ಸಾಲು ಬರೆಯೋಕೆ ಒಂದು ಸಂಜೆ ಹಿಡೀತು. ಬಲಗಡೆ ಛತ್ರಿ ಹಿಡಿದು ನಿಂತ ಹೆಂಗಸಿನ ಲಂಗ ಸೊಂಟದ ಹಿಂದೆ ಗೂಡಿನ ಹಾಗೆ ಉಬ್ಬಿದೆ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇದೆ, ಕನ್ನಡದಲ್ಲಿ ಯಾರೂ ಅಂಥದ್ದನ್ನ ಉಟ್ಟಿಲ್ಲ. ಅವಳ ಕಾಲ ಹತ್ರ ಹಗ್ಗ ಕಟ್ಟಿದ ಕೋತಿ ಒಂದಿದೆ, ಅದು ಸುಲಭವಾಯ್ತು. ಕೊನೆಗೆ 'ಹಿಂದೆ ಉಬ್ಬಿಸಿದ ಲಂಗ' ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೇ ಮಾತು ನಿಮ್ಮ ಅಮ್ಮನಿಗೋ, ಊರಿನ ಟೈಲರ್‌ಗೋ ಗೊತ್ತಿದ್ರೆ ಕೇಳ್ಕೊಂಡು ಬನ್ನಿ. ಎರಡನೇ ಇಂಟರ್ನಲ್ಸ್ ಮುಗಿದ ಶನಿವಾರ ಮಧ್ಯಾಹ್ನ ಸಂಘದ ರೂಮಲ್ಲಿ ಕೂರ್ತೀವಿ, ಲ್ಯಾಪ್‌ಟಾಪ್ ತನ್ನಿ. ಪಾಯಿಂಟ್ ಸಿಗುತ್ತಾ ಅಂತ ಕೋಆರ್ಡಿನೇಟರ್ ಮೇಡಂನ ಕೇಳಿದ್ದೀವಿ, ಉತ್ತರ ಇನ್ನೂ ಬಂದಿಲ್ಲ.